ಹೂವು ಯಾವ ಕಡೆ ಬಿದ್ದೀತು?

ಇಂಜಿನಿಯರಿಂಗ್ ವ್ಯಾಸಂಗವೋ, ಚಿತ್ರಕಲೆಯ ವೃತ್ತಿಯೋ ಎಂದು ತೊಳಲುವ ತರುಣನನ್ನು ಹಿರಿಯರು ದೇವರಲ್ಲಿ ಪ್ರಸಾದ ಕೇಳಲು ಕರೆದೊಯ್ಯುವುದು ರಾಜಾಜಿನಗರ, ವಿಜಯನಗರಗಳ ಕಡೆಯ ನಮಗೆ ಅಪರಿಚಿತವಲ್ಲ. ವಿಗ್ರಹದ ಹೂವು ಬಲಗಡೆ ಬಿದ್ದರೆ ಅನುಮತಿ, ಎಡಗಡೆ ಬಿದ್ದರೆ ನಿಷೇಧ.

ಹೂವು ಬೀಳುವುದೇಕೆ? ಅಭಿಷೇಕದಿಂದ ತೊಯ್ದ ಶಿಲೆಗೂ ಎಸಳಿಗೂ ನಡುವೆ ತೆಳುವಾದ ನೀರಿನ ಪೊರೆಯಿರುವುದಷ್ಟೆ. ಅದರ ಮೇಲ್ಮೈ ಎಳೆತವು ಹೂವನ್ನು ಹಿಡಿದಿರುತ್ತದೆ. ನೀರು ಜಾರಿದಂತೆ, ಆರಿದಂತೆ, ಹಿಡಿತ ಸಡಿಲವಾಗಿ, ತೂಕ ವಾಲಿದ ಕಡೆಗೆ ಹೂವು ಉರುಳುವುದು. ಚಿತ್ರಕಲೆಯ ಸಂಗತಿ ಅದಕ್ಕೆ ತಿಳಿಯದು. ಎಡಗಡೆ ಬಿದ್ದೊಡನೆ "ಇನ್ನೊಮ್ಮೆ ಕೇಳೋಣ" ಎನ್ನುವ ತರುಣನ ಇಂಗಿತವಾದರೋ ಅರ್ಚಕರಿಗೂ ತಿಳಿದುಹೋಗುತ್ತದೆ!

ಆದರೂ ಈ ಪದ್ಧತಿಯನ್ನು ನಾವು ಪೂರ್ತಿಯಾಗಿ ತಳ್ಳಿಹಾಕಲಾರೆವು. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇಂಥ ಸಂದಿಗ್ಧದಲ್ಲಿದ್ದವರಿಗಾಗಿ ಗಣಕಯಂತ್ರದಲ್ಲಿ 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿಸಿ, ಫಲಿತಾಂಶವನ್ನು 2021ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನಾಣ್ಯವು 'ಬದಲಾಯಿಸು' ಎಂದಾಗ ಹೆಚ್ಚು ಮಂದಿ ಬದಲಾಯಿಸಿದರು. ಉದ್ಯೋಗ ಬಿಡುವಂಥ ದೊಡ್ಡ ನಿರ್ಧಾರಗಳಲ್ಲಿ ಹಾಗೆ ಬದಲಾಯಿಸಿದವರು ಆರು ತಿಂಗಳ ತರುವಾಯ ಹೆಚ್ಚು ಸಂತೋಷದಿಂದಿದ್ದರು. ನಾಣ್ಯಕ್ಕೆ ಭವಿಷ್ಯಜ್ಞಾನವಿತ್ತೆಂದಲ್ಲ; ಇಂಥ ಘಟ್ಟದಲ್ಲಿ ಮನುಷ್ಯರು ಅತಿಯಾಗಿ ಹಿಂಜರಿಯುವರೆಂಬುದು ಲೆವಿಟ್ಟರ ತರ್ಕ.

ಶುಲ್ಕವೆಷ್ಟು, ಕಲಿತವರು ಹೇಗೆ ಬಾಳುತ್ತಿರುವರು ಎಂಬುದನ್ನು ಮಾತ್ರ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿಯೇ ವಿಚಾರಿಸಬೇಕು.