ಸೋಡಾ ಪೀಪಾಯಿ: ಕೊಳ್ಳುವ ಮುನ್ನ

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಸೋಡಾದ ಮಹಿಮೆಯನ್ನು ಹೇಳಬೇಕಾದುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಸೀಮೆಯಲ್ಲಿ, ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿಯ ಖಾರದ ಹಿಂದೆಯೇ ನಿಂಬೆರಸ, ಉಪ್ಪು ಬೆರೆತ ಒಂದು ಲೋಟ ಸೋಡಾ ಗಂಟಲಿಗೆ ಇಳಿದರೆ ಹೋದ ಜೀವ ಮರಳಿ ಬಂದಂತಾಗುತ್ತದೆ. ಹೀಗಿರುವಾಗ, ದಿನದಿನವೂ ಸೀಸೆ ಕೊಳ್ಳುವುದಕ್ಕಿಂತ ಒಂದು ಪೀಪಾಯಿಯನ್ನೇ ತಂದು, ತಾನೇ ಅನಿಲ ತುಂಬಿ, ನಲ್ಲಿ ತಿರುಗಿಸಿ ಕುಡಿಯಬಾರದೇಕೆ ಎಂಬ ಆಲೋಚನೆ ಮನೆಯ ಯಜಮಾನನಿಗೂ, ಚಿಕ್ಕದೊಂದು ಅಂಗಡಿ ಹೂಡಬೇಕೆನ್ನುವ ತರುಣನಿಗೂ ಬರುವುದು ಸಹಜ. ಆಲೋಚನೆ ಒಳ್ಳೆಯದೇ. ಆದರೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂಬುದನ್ನು ಅರಿಯದೆ ಹೊರಟರೆ ಕಳೆದುಹೋಗುವುದು ಕೂಡಿಟ್ಟ ಹಣ ಮಾತ್ರವಲ್ಲ. ಪ್ರಾಣಕ್ಕೇ ಸಂಚಕಾರ ಬಂದೀತು.

ಸೋಡಾದ ಹುಟ್ಟಿಗೂ ಬಿಯರಿಗೂ ಹತ್ತಿರದ ನಂಟು. 1767ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಬಿಯರ್ ಕಾರ್ಖಾನೆಯೊಂದರ ನೆರೆಯಲ್ಲಿ ವಾಸವಾಗಿದ್ದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ, ಹುದುಗುತ್ತಿದ್ದ ಬಾನಿಗಳ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಬೆರೆಸಿ ನೋಡಿದನು. 1772ರಲ್ಲಿ ಅಂಥ ನೀರನ್ನು ತಯಾರಿಸುವ ಕ್ರಮವನ್ನು ವಿವರಿಸಿ ಕಿರುಹೊತ್ತಗೆಯನ್ನೂ ಪ್ರಕಟಿಸಿದನು. ಆ ಅನಿಲವೇ ಇಂಗಾಲದ ಡೈಆಕ್ಸೈಡ್. ಅದನ್ನು ಸೆರೆಯಿಡುವ ಉಪಾಯಗಳಲ್ಲಿ ಬಹು ಜಾಣ್ಮೆಯದು ಲಂಡನ್ನಿನ ಹೈರಮ್ ಕಾಡ್ 1870ರ ದಶಕದಲ್ಲಿ ರೂಪಿಸಿದ, ನಮಗೆಲ್ಲ ಪರಿಚಿತವಾದ ಗೋಲಿ ಸೀಸೆ. ಸೀಸೆಯನ್ನು ತಲೆಕೆಳಗಾಗಿಸಿ ತುಂಬಿದಾಗ ಗೋಲಿಯು ಜಾರಿ ಕತ್ತಿನ ರಬ್ಬರ್ ಬಳೆಯ ಮೇಲೆ ಕೂಡುತ್ತದೆ. ಆಮೇಲೆ ಒಳಗಿನ ಅನಿಲವೇ ಅದನ್ನು ಒತ್ತಿ ಹಿಡಿಯುತ್ತದೆ. ಕಳ್ಳನನ್ನೇ ಕಾವಲಿಗೆ ನಿಲ್ಲಿಸಿದಂತಹ ಯುಕ್ತಿ ಇದು.

ಪೀಪಾಯಿಯ ಪ್ರಯಾಣ ಇದಕ್ಕೆ ತದ್ವಿರುದ್ಧ. ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸಿಗಳು ಬಳಸುವ, ಸುಮಾರು 19 ಲೀಟರು ಹಿಡಿಯುವ ಉಕ್ಕಿನ ಕಾರ್ನೀಲಿಯಸ್ ಪೀಪಾಯಿ ಹುಟ್ಟಿದ್ದು ಬಿಯರಿಗಾಗಿ ಅಲ್ಲ, ಅಮೆರಿಕದ ತಂಪುಪಾನೀಯ ಕಂಪೆನಿಗಳ ಪಾಕವನ್ನು ಅಂಗಡಿಗಳಿಗೆ ಸಾಗಿಸುವುದಕ್ಕಾಗಿ. ಕಂಪೆನಿಗಳು ಪಾಕವನ್ನು ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳಲ್ಲಿ ಕಳುಹಿಸತೊಡಗಿದ ಮೇಲೆ ಹಳೆಯ ಪೀಪಾಯಿಗಳು ಹವ್ಯಾಸಿಗಳ ಕೈಸೇರಿದವು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಅಬಕಾರಿ ಅಧಿನಿಯಮದ ಪ್ರಕಾರ ಅಪರಾಧ. ಆದುದರಿಂದ ನಮ್ಮಲ್ಲಿ ಈ ಪೀಪಾಯಿಗೆ ಅದರ ಹುಟ್ಟು ಕಸುಬೇ ಯೋಗ್ಯವಾದುದು.

ಇನ್ನು ವಿಷಯದ ತಿರುಳು. ಅನಿಲವು ನೀರಿನಲ್ಲಿ ನಿಲ್ಲುವುದು ಎರಡು ಕಾರಣಗಳಿಂದ: ಒಂದು ತಂಪು, ಇನ್ನೊಂದು ಒತ್ತಡ. ಸಾಧಾರಣ ವಾಯುಭಾರದಲ್ಲಿ ಒಂದು ಲೀಟರು ನೀರು 0 ಡಿಗ್ರಿಯಲ್ಲಿ ಸುಮಾರು 1.7 ಲೀಟರು ಅನಿಲವನ್ನು ಕರಗಿಸಿಕೊಂಡರೆ, 20 ಡಿಗ್ರಿಯಲ್ಲಿ 0.9 ಲೀಟರಿನಷ್ಟನ್ನೂ 40 ಡಿಗ್ರಿಯಲ್ಲಿ ಅರ್ಧ ಲೀಟರಿಗಿಂತ ತುಸು ಹೆಚ್ಚನ್ನೂ ಮಾತ್ರ ಹಿಡಿಯುತ್ತದೆ. ನಾಲಗೆಗೆ ಚುರುಕು ಮುಟ್ಟಿಸುವ ಸೋಡಾಕ್ಕೆ ಲೀಟರಿಗೆ ಸುಮಾರು 4 ಲೀಟರು ಅನಿಲ ಬೇಕು. ಅಷ್ಟನ್ನು 4 ಡಿಗ್ರಿಯ ನೀರಿನಲ್ಲಿ ನಿಲ್ಲಿಸಲು ವಾಯುಭಾರದ ಮೂರು ಪಟ್ಟು ಒತ್ತಡ ಸಾಕು. 35 ಡಿಗ್ರಿಯ ನೀರಿಗಾದರೋ ಏಳು ಪಟ್ಟಿನ ಹತ್ತಿರಕ್ಕೆ ಹೋಗಬೇಕು. ತಂಪಿಗೆ ಖರ್ಚು ಮಾಡದವನು ಒತ್ತಡದ ರೂಪದಲ್ಲಿ ಅಪಾಯವನ್ನು ಕೊಂಡುಕೊಳ್ಳುತ್ತಾನೆ ಎಂಬುದು ಈ ಲೆಕ್ಕದ ಅರ್ಥ. ಅಷ್ಟು ಮಾಡಿಯೂ ಬೆಚ್ಚಗಿನ ಸೋಡಾ ನಲ್ಲಿಯಿಂದ ಹೊರಬಿದ್ದೊಡನೆ ನೊರೆಯಾಗಿ ಹಾರಿ, ಲೋಟದಲ್ಲಿ ಸಪ್ಪೆ ನೀರು ಉಳಿಯುತ್ತದೆ.

ಸಲಕರಣೆಗಳು ಐದು: ಅನಿಲದ ಸಿಲಿಂಡರ್, ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಕೊಳವೆ, ಪೀಪಾಯಿ, ನಲ್ಲಿ. ಇವುಗಳಲ್ಲಿ ಪೀಪಾಯಿಯನ್ನು ಬಳಸಿದ ಮಾಲಾಗಿ ಕೊಂಡರೆ ತಪ್ಪಿಲ್ಲ. ಒಳಗೆ ತುಕ್ಕು, ತಗ್ಗು ಇರಬಾರದು. ಮುಚ್ಚಳದ ಸುರಕ್ಷಾ ಕವಾಟ ಸಡಿಲವಾಗಿ ಆಡಬೇಕು. ರಬ್ಬರ್ ಬಳೆಗಳನ್ನೆಲ್ಲ ಹೊಸದಾಗಿ ಹಾಕಿಸಬೇಕು. ಈ ಪೀಪಾಯಿಗಳ ಬಾಯಿಗಳಲ್ಲಿ ಬಾಲ್ ಲಾಕ್, ಪಿನ್ ಲಾಕ್ ಎಂದು ಎರಡು ಜಾತಿ. ಒಂದರ ಜೋಡಣೆ ಇನ್ನೊಂದಕ್ಕೆ ಕೂಡದು. ಎರಡನೆಯ ಪೀಪಾಯಿ ಕೊಳ್ಳುವಾಗ ಇದನ್ನು ಮರೆತವರು ಎರಡೆರಡು ಜೋಡಣೆಗಳಿಗೆ ಹಣ ತೆರುತ್ತಾರೆ. ನಲ್ಲಿಯೂ ಸಾದಾ ಆಗಿದ್ದರೆ ಸಾಕು. ಆದರೆ ತಾಮ್ರ, ಹಿತ್ತಾಳೆಯ ನಲ್ಲಿ ಕೂಡದು. ಅನಿಲ ಬೆರೆತ ನೀರು ಹುಳಿಗುಣದ್ದಾದುದರಿಂದ ಆ ಲೋಹವನ್ನು ಕರಗಿಸಿಕೊಳ್ಳುತ್ತದೆ. ತಾಮ್ರದ ಬಿಂದಿಗೆಯ ನೀರು ಶ್ರೇಷ್ಠವೆಂಬ ನಂಬಿಕೆಯನ್ನು ಇಲ್ಲಿಗೆ ತರುವುದು ಸಲ್ಲದು.

ಉಳಿತಾಯ ಕೂಡದ ಕಡೆಗಳು ಸಿಲಿಂಡರ್ ಮತ್ತು ರೆಗ್ಯುಲೇಟರ್. ತುಂಬಿದ ಸಿಲಿಂಡರಿನಲ್ಲಿ ಈ ಅನಿಲ ದ್ರವವಾಗಿರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ವಾಯುಭಾರದ ಸುಮಾರು 57 ಪಟ್ಟು. 31 ಡಿಗ್ರಿ ದಾಟಿತೆಂದರೆ ಅದು ದ್ರವವಾಗಿ ಉಳಿಯಲಾರದು. ಮುಂದಕ್ಕೆ ಉಷ್ಣ ಏರಿದಂತೆ, ತುಂಬಿದ ಪ್ರಮಾಣಕ್ಕೆ ತಕ್ಕಂತೆ, ಒತ್ತಡ ಭರದಿಂದ ಏರುತ್ತದೆ. ಶೀತದೇಶದ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿರುವ ಈ ಮಾತು ಬಳ್ಳಾರಿಯಲ್ಲಿ ವರ್ಷದ ಬಹುಭಾಗ ನಿತ್ಯದ ಸಂಗತಿ. ಆದುದರಿಂದ ಪರೀಕ್ಷೆಯ ತಾರೀಖು ಕೆತ್ತಿಲ್ಲದ ಗುಜರಿ ಸಿಲಿಂಡರ್, ಬೆಂಕಿ ನಂದಿಸುವ ಹಳೆಯ ಡಬ್ಬಿ ಮುಂತಾದವು ಎಷ್ಟು ಅಗ್ಗವಾದರೂ ಬೇಡ. ಮಿತಿಮೀರಿ ತುಂಬಿಸಬಾರದು, ಬಿಸಿಲಿನಲ್ಲಿಡಬಾರದು, ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಕಟ್ಟಬೇಕು. ತುಂಬಿಸುವಾಗ ಆಹಾರಕ್ಕೆ ಯೋಗ್ಯವಾದ ಅನಿಲವನ್ನೇ ಕೇಳಿ ಪಡೆಯಬೇಕು. ರೆಗ್ಯುಲೇಟರ್ ಇಲ್ಲದೆ ನೇರವಾಗಿ ಕೊಳವೆ ಜೋಡಿಸುವುದಾಗಲಿ, ಹಾಲಿನ ಕ್ಯಾನಿಗೆ ಮುಚ್ಚಳ ಬಿಗಿದು ಪೀಪಾಯಿ ಮಾಡುವುದಾಗಲಿ ಜಾಣತನವಲ್ಲ, ಆತ್ಮಘಾತ.

ಅನಿಲದ ಬೆಲೆಗೆ ಮಾತ್ರ ಹೆದರಬೇಕಾದುದಿಲ್ಲ. ಒಂದು ಲೀಟರು ಸೋಡಾಕ್ಕೆ ಹಿಡಿಯುವುದು ಸುಮಾರು 8 ಗ್ರಾಂ; ಇಡೀ 19 ಲೀಟರು ಪೀಪಾಯಿಗೆ ಸುಮಾರು 150 ಗ್ರಾಂ. ಸೋರಿಕೆ, ಪೋಲು ಎಲ್ಲ ಕಳೆದರೂ ಒಂದು ಕಿಲೋ ಅನಿಲದಲ್ಲಿ ನಾಲ್ಕೈದು ಪೀಪಾಯಿ ತುಂಬಬಹುದು. ಒಂದು ಪೀಪಾಯಿಯೆಂದರೆ 200 ಮಿಲಿಲೀಟರಿನ 95 ಲೋಟ.

ಹಾಗಾದರೆ ಯಾರಿಗೆ ಯಾವುದು ಉಚಿತ? ಬಳ್ಳಾರಿ ನಗರದಲ್ಲಿ ನಾಲ್ಕೈದು ಜನರ ಸಂಸಾರವೊಂದು ದಿನಕ್ಕೆ ಒಂದು ಲೀಟರು ಸೋಡಾ ಬಳಸುವುದಾದರೆ ಪೀಪಾಯಿಯ ಗೊಡವೆಯೇ ಬೇಡ. 8 ಗ್ರಾಂ ಅನಿಲದ ಪುಟ್ಟ ಗುಂಡು ಹಾಕಿ ಒತ್ತುವ ಸೈಫನ್ ಸೀಸೆ ಸಾಕು. ಗುಂಡಿನ ಅನಿಲ ತೂಕಕ್ಕೆ ತೂಕ ಬಲು ದುಬಾರಿ ನಿಜ; ಆದರೂ ಅಲ್ಪ ಬಳಕೆಗೆ ದೊಡ್ಡ ಬಂಡವಾಳ ತೊಡಗಿಸುವುದು ಅದಕ್ಕಿಂತ ದುಬಾರಿ. ಮನೆಯಲ್ಲಿ ಮೇಲಿಂದ ಮೇಲೆ ಸಮಾರಂಭಗಳು ನಡೆಯುತ್ತಿದ್ದರೆ ಆಗ ಪೀಪಾಯಿಯ ಮಾತು.

ತುಂಗಭದ್ರೆಯ ದಡದ ಭತ್ತದ ನಾಡಾದ ಸಿರುಗುಪ್ಪದಲ್ಲಿ ಅಂಗಡಿ ಹೂಡುವವನ ಚಿಂತೆ ಬೇರೆ. ಅನಿಲ ತುಂಬಿಸಲು ಜಿಲ್ಲಾಕೇಂದ್ರಕ್ಕೇ ಬರಬೇಕಾದವನಿಗೆ ಅದು ಐವತ್ತು ಕಿಲೋಮೀಟರಿಗೂ ಮೀರಿದ ದಾರಿ. ನಡುಹಗಲಿನಲ್ಲಿ ಸಿಲಿಂಡರ್ ಬರಿದಾದರೆ ಅಂದಿನ ವ್ಯಾಪಾರ ಮುಗಿದಂತೆ. ಅಂಥವನು ಒಂದು ದೊಡ್ಡ ಸಿಲಿಂಡರಿಗಿಂತ ಎರಡು ಚಿಕ್ಕವನ್ನು ಇಟ್ಟುಕೊಂಡು, ಒಂದನ್ನು ಸದಾ ತುಂಬಿದ ಸ್ಥಿತಿಯಲ್ಲಿ ಕಾದಿರಿಸುವುದು ಲೇಸು. ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಅಗತ್ಯ.

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಮಳಿಗೆ ಹಾಕುವವನಿಗೆ ಬೇಕಾದುದು ಎರಡು ಪೀಪಾಯಿ ಮತ್ತು ಧಾರಾಳವಾದ ಮಂಜುಗಡ್ಡೆ. 32 ಡಿಗ್ರಿಯ 19 ಲೀಟರು ನೀರನ್ನು 4 ಡಿಗ್ರಿಗೆ ಇಳಿಸಲು ಲೆಕ್ಕದಂತೆ ಆರೂವರೆ ಕಿಲೋ ಮಂಜುಗಡ್ಡೆ. ಕರಗಿ ಪೋಲಾಗುವುದನ್ನು ಸೇರಿಸಿದರೆ ಹತ್ತು ಕಿಲೋ. ಒಂದು ಪೀಪಾಯಿ ನಲ್ಲಿಯಲ್ಲಿ ಖರ್ಚಾಗುತ್ತಿರುವಾಗ ಇನ್ನೊಂದು ಗೋಣಿ ಸುತ್ತಿದ ತೊಟ್ಟಿಯಲ್ಲಿ ತಣಿಯುತ್ತಿರಬೇಕು. ಮಂಜಿನ ಹಣ ಉಳಿಸಹೋದರೆ ಗಿರಾಕಿ ಎರಡನೆಯ ಲೋಟ ಕೇಳುವುದಿಲ್ಲ.

ತುಂಬುವ ಕ್ರಮ ಸುಲಭ. ಕಾಯಿಸಿ ಆರಿಸಿದ ಶುದ್ಧ ನೀರನ್ನು ಮೊದಲು ಚೆನ್ನಾಗಿ ತಣಿಸಬೇಕು. ಪೀಪಾಯಿಗೆ ಹಾಕಿ ಮುಚ್ಚಿ, ಸ್ವಲ್ಪ ಅನಿಲ ಬಿಟ್ಟು ಕವಾಟವನ್ನೆತ್ತಿ ಒಳಗಿನ ಗಾಳಿಯನ್ನು ಎರಡು ಮೂರು ಸಲ ಹೊರದೂಡಬೇಕು. ಅನಂತರ ಬೇಕಾದ ಒತ್ತಡಕ್ಕೆ ಇಟ್ಟು, ಪೀಪಾಯಿಯನ್ನು ಕೆಲವು ನಿಮಿಷ ಅಲುಗಾಡಿಸಿದರೆ ಅನಿಲ ಬೇಗ ಕರಗುತ್ತದೆ. ಕೀಲುಗಳಿಗೆಲ್ಲ ಸಾಬೂನು ನೊರೆ ಹಚ್ಚಿ ನೋಡಿದರೆ ಸೋರಿಕೆ ತಾನೇ ಗುಳ್ಳೆಯಾಗಿ ಕಾಣಿಸುತ್ತದೆ. ಸಕ್ಕರೆ, ನಿಂಬೆರಸಗಳನ್ನು ಲೋಟದಲ್ಲಿ ಬೆರೆಸಬೇಕೇ ಹೊರತು ಪೀಪಾಯಿಯಲ್ಲಲ್ಲ. ಈ ಅನಿಲ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ನೆಲದ ಮೇಲೆ ನಿಂತು, ಅಲ್ಲಿ ಮಲಗಿದವರ ಉಸಿರು ಕಟ್ಟಿಸಬಲ್ಲದು. ಕಿಟಕಿ ತೆರೆದಿರಲಿ, ಮಕ್ಕಳು ಮಲಗುವ ಕೋಣೆಯಲ್ಲಿ ಸಿಲಿಂಡರ್ ಇರದಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಇಲ್ಲಿ ಹಾಸಿಗೆಯೆಂದರೆ ಕೈಯಲ್ಲಿರುವ ಹಣವಷ್ಟೇ ಅಲ್ಲ, ದಿನಕ್ಕೆ ಖರ್ಚಾಗುವ ಲೋಟಗಳ ಲೆಕ್ಕವೂ ಹೌದು. ಆ ಲೆಕ್ಕವನ್ನು ಮೊದಲು ಹಾಕಿ, ಪೀಪಾಯಿ ನಲ್ಲಿಗಳಲ್ಲಿ ಉಳಿಸಿದ ಹಣವನ್ನು ಪರೀಕ್ಷೆಯಾದ ಸಿಲಿಂಡರಿಗೂ ಒಳ್ಳೆಯ ರೆಗ್ಯುಲೇಟರಿಗೂ ಮಂಜುಗಡ್ಡೆಗೂ ಹಾಕಿದವನ ಸೋಡಾ ಬಳ್ಳಾರಿಯ ಮೇ ತಿಂಗಳಿನಲ್ಲೂ ಚುರುಕಾಗಿಯೇ ಇರುತ್ತದೆ.