ಗಾಡಿ ಸಣ್ಣದು, ಡಿಕ್ಕಿ ದೊಡ್ಡದು: ಸ್ಟೇಷನ್ ವ್ಯಾಗನ್ ಕೊಂಡವರ ಅನುಭವ

ಕಳೆದ ಮಹಾಸಭೆಯ ದಿನ ಸಂಘದ ಗೋದಾಮಿನ ಎದುರು ನಿಲ್ಲಿಸಿದ್ದ ನನ್ನ ಗಾಡಿಯ ಸುತ್ತ ನಾಲ್ಕಾರು ಸದಸ್ಯರು ಸೇರಿ, "ಇದು ಕಾರೋ ವ್ಯಾನೋ ಮಾರಾಯ್ರೇ?" ಎಂದು ಕೇಳಿದರು. ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿ ತೋರಿಸಿದೆ. ಒಳಗೆ ಮೂರು ಚೀಲ ಸುಣ್ಣ, ಒಂದು ಸ್ಪ್ರೇಯರ್, ಅಮ್ಮನ ಔಷಧದ ಕೈಚೀಲ ಇದ್ದವು. ಅಂದು ಬಂದ ಪ್ರಶ್ನೆಗಳಿಗೆಲ್ಲ ನಿಂತಲ್ಲೇ ಉತ್ತರ ಹೇಳಲು ಆಗಲಿಲ್ಲ. ಬರೆದು ಕೊಡಿ ಎಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದರಿಂದ ಈ ಲೇಖನ. ಇಂಥದೇ ಗಾಡಿ ಇಟ್ಟುಕೊಂಡಿರುವ ಬಾಳೆಹೊನ್ನೂರು ಕಡೆಯ ನನ್ನ ಭಾವನವರನ್ನೂ ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಬೆಳೆಗಾರ ಮಹಿಳೆಯನ್ನೂ ವಿಚಾರಿಸಿ ಅವರ ಮಾತನ್ನೂ ಸೇರಿಸಿದ್ದೇನೆ.

ರೈಲು ಸ್ಟೇಷನ್ನಿನಿಂದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ಮನೆಗೆ ತರುವ ಗಾಡಿಯಾದ್ದರಿಂದ ಅಮೆರಿಕದಲ್ಲಿ ಇದಕ್ಕೆ ಸ್ಟೇಷನ್ ವ್ಯಾಗನ್ ಎಂದು ಹೆಸರು ಬಂತು. ಇಂಗ್ಲೆಂಡಿನವರು ಇದನ್ನೇ ಎಸ್ಟೇಟ್ ಕಾರು ಎನ್ನುತ್ತಾರೆ. ನಮಗೆ ಎಸ್ಟೇಟು ಉಂಟು, ಸ್ಟೇಷನ್ನು ಮಾತ್ರ ದೂರ. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ನಮ್ಮ ದೇಶದಲ್ಲಿ ಟಾಟಾದವರು 1992ರಲ್ಲಿ ಎಸ್ಟೇಟ್ ಎಂಬ ಹೆಸರಿನದೇ ಗಾಡಿ ತಂದರು, ಅದು ಸ್ವಲ್ಪ ದೊಡ್ಡದು. ಸಣ್ಣ ಗಾತ್ರದಲ್ಲಿ ಆಮೇಲೆ ಬಂದವು ಮಾರುತಿಯ ಬಲೆನೊ ಆಲ್ಟುರಾ, 2004ರಲ್ಲಿ ಟಾಟಾ ಇಂಡಿಗೊ ಮರೀನಾ, ಇನ್ನೂ ಒಂದೆರಡು. ಯಾವುದೂ ಹೆಚ್ಚು ಕಾಲ ನಿಲ್ಲಲಿಲ್ಲ. ಹಿಂದೆ ಉದ್ದವಿರುವ ಕಾರು ಶವದ ಗಾಡಿಯಂತೆ ಕಾಣುತ್ತದೆಂದು ಪೇಟೆಯವರು ಮೂಗು ಮುರಿದರಂತೆ. ಈಗ ಹೊಸದು ಯಾವುದೂ ಸಿಗುವುದಿಲ್ಲ, ಏನಿದ್ದರೂ ಸೆಕೆಂಡ್ ಹ್ಯಾಂಡ್. ನನ್ನದು ಯಾವ ಕಂಪನಿಯದೆಂದು ಇಲ್ಲಿ ಬರೆಯುವುದಿಲ್ಲ, ಇದು ಜಾಹೀರಾತಲ್ಲ.

ನನಗಿರುವುದು ಐದು ಎಕರೆ. ಅಡಿಕೆ, ನಡುವೆ ಕಾಫಿ, ಸ್ವಲ್ಪ ಮೆಣಸು. ತೋಟಕ್ಕೊಂದು ಜೀಪು, ಮನೆಗೊಂದು ಕಾರು ಎಂದು ಎರಡು ಇಡುವ ಶಕ್ತಿ ಇಲ್ಲ. ಅಮ್ಮನನ್ನು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದೊಯ್ಯಬೇಕು, ಜೀಪಿನಲ್ಲಿ ಕೂತರೆ ಅವರಿಗೆ ಸೊಂಟ ನೋವು. ಹೀಗಾಗಿ ಏಳು ವರ್ಷದ ಹಿಂದೆ ಒಂದು ಹಳೆಯ ಡೀಸೆಲ್ ವ್ಯಾಗನ್ ಕೊಂಡೆ. ನಮ್ಮ ಮನೆಯವರು ಮೊದಲ ದಿನ ಹೇಳಿದ್ದು ಇಷ್ಟೆ: "ಒಂದೇ ಗಾಡಿಯಲ್ಲಿ ಅತ್ತೆಯೂ ಗೊಬ್ಬರವೂ ಬರುವುದು ನನಗೆ ಸರಿ ಕಾಣುವುದಿಲ್ಲ." ಅವರ ಮಾತು ಮುಂದೆ ನಿಜವಾಯಿತು.

ಮೊದಲು ಹೊರೆಯ ವಿಷಯ. ಹಿಂದಿನ ಸೀಟು ಮಡಚಿದರೆ ಜಾಗ ಕಂಡು ಆಸೆ ಹುಟ್ಟುತ್ತದೆ. ಆದರೆ ಜಾಗ ಬೇರೆ, ಶಕ್ತಿ ಬೇರೆ. ಕೈಪಿಡಿಯಲ್ಲಿ ಕೊಟ್ಟಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು ನೋಡಿ. ಈ ಗಾತ್ರದ ಗಾಡಿಗಳಲ್ಲಿ ಉಳಿಯುವುದು ಜನರೂ ಸೇರಿ ಹೆಚ್ಚುಕಡಿಮೆ ನಾಲ್ಕು ಕ್ವಿಂಟಾಲು. ಇಬ್ಬರು ಕೂತರೆ 50 ಕಿಲೋದ ಐದು ಚೀಲ ಚೆರಿ ಕಾಫಿಗೆ ನಿಲ್ಲಿಸಬೇಕು. ಭಾವನವರು ಒಮ್ಮೆ ಒಂಬತ್ತು ಚೀಲ ತುಂಬಿ ಹೊರಟರು. ಗೇಟಿನ ಬಳಿಯ ಹೊಂಡದಲ್ಲಿ ಹಿಂಭಾಗ ನೆಲಕ್ಕೆ ಬಡಿದು ಸೈಲೆನ್ಸರ್ ಕಿತ್ತುಬಂತು. ಖಾಲಿ ಗಾಡಿಗೇ ನೆಲದಿಂದ ಇರುವ ಎತ್ತರ ಆರು ಆರೂವರೆ ಅಂಗುಲ. ಹೊರೆ ಹಾಕಿದ ಮೇಲೆ ಎಷ್ಟು ಉಳಿದೀತು? ಚೀಲಗಳನ್ನು ಬಾಗಿಲ ಅಂಚಿಗಲ್ಲ, ಸೀಟಿನ ಬೆನ್ನಿಗೆ ಒತ್ತಿ, ತಗ್ಗಿನಲ್ಲಿ ಇಟ್ಟು ಹಗ್ಗ ಬಿಗಿಯಬೇಕು. ಬಿಡಿಯಾಗಿಟ್ಟ ಕತ್ತಿ, ಸ್ಪ್ರೇಯರ್ ಬ್ರೇಕ್ ಒತ್ತಿದಾಗ ನೇರ ಮುಂದಿನವರ ತಲೆಗೆ ಬರುತ್ತವೆ. ಹಿಂದೆ ಭಾರವಿದ್ದರೆ ಮೂತಿ ಮೇಲೇರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ರಾತ್ರಿ ಅದನ್ನೂ ನೆನಪಿಡಬೇಕು.

ಇನ್ನು ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿ. ಒಂದು ಸಲ ಮಣಿಪಾಲದಿಂದ ಬರುವಾಗ ಹತ್ತಡಿಯ ಪಿ.ವಿ.ಸಿ. ಪೈಪುಗಳನ್ನು ಕೊಂಡೆ. ಪೈಪು ಹೊರಗೆ ಚಾಚಿದ್ದರಿಂದ ಹಿಂದಿನ ಬಾಗಿಲನ್ನು ಅರ್ಧ ತೆರೆದು ಹಗ್ಗದಿಂದ ಕಟ್ಟಿದೆ. ಮಳೆ ಹನಿಯುತ್ತಿತ್ತು, ಉಳಿದ ಕಿಟಕಿಗಳೆಲ್ಲ ಮುಚ್ಚಿದ್ದವು. ಹೆಬ್ರಿ ದಾಟುವಾಗ ಅಮ್ಮ ತಲೆ ಸಿಡಿಯುತ್ತದೆ ಎಂದರು. ಸೋಮೇಶ್ವರ ತಲುಪುವ ಮೊದಲೇ ವಾಂತಿಯಾಯಿತು. ಇನ್ನೂ ಘಾಟಿ ಹತ್ತಿರಲೇ ಇಲ್ಲ, ತಿರುವುಗಳ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ಗಾಡಿ ನಿಲ್ಲಿಸಿ ಅಮ್ಮನನ್ನು ಕೆಳಗಿಳಿಸಿ ಅಂಗಡಿಯೊಂದರ ಜಗಲಿಯಲ್ಲಿ ಕೂರಿಸಿದೆ. ಗಾಳಿ ಕುಡಿದ ಮೇಲೆ ನಿಧಾನವಾಗಿ ಚೇತರಿಸಿಕೊಂಡರು. ಆಗ ನನ್ನ ತಲೆಯೂ ಭಾರವಾಗಿದೆ ಎಂಬುದು ಗೊತ್ತಾಯಿತು.

ಕಾರಣವನ್ನು ಆಮೇಲೆ ಮೆಕ್ಯಾನಿಕ್ ವಿವರಿಸಿದರು. ಪೆಟ್ಟಿಗೆಯಂತೆ ನೇರ ಕತ್ತರಿಸಿದ ಹಿಂಭಾಗದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಹಿಂದಿನ ಗಾಜಿಗೆ ಧೂಳು ಮೆತ್ತುವುದೂ ಇದರಿಂದಲೇ. ಬಾಗಿಲು ತೆರೆದಿದ್ದರೆ ಸೈಲೆನ್ಸರಿನ ಹೊಗೆ ಆ ಸುಳಿಯಲ್ಲಿ ಸಿಕ್ಕಿ ಒಳಗೆ ನುಗ್ಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡೀಸೆಲ್ಲಿಗಿಂತ ಪೆಟ್ರೋಲ್ ಗಾಡಿಯಲ್ಲಿ ಅದು ಹೆಚ್ಚು. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗುವೋ ಮುದುಕರೋ ಏಳದೇ ಇರಬಹುದು. ಸಂತೆಯ ದಿನ ಬಾಗಿಲನ್ನು ಹೀಗೇ ಕಟ್ಟಿಕೊಂಡು ಓಡುವ ವ್ಯಾನು, ಕಾರುಗಳನ್ನು ನಾನು ದಿನಾ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಉದ್ದದ ಸಾಮಾನನ್ನು ಮೇಲಿನ ಕ್ಯಾರಿಯರಿಗೆ ಕಟ್ಟಿ, ಇಲ್ಲವೇ ಗೂಡ್ಸ್ ಆಟೋದಲ್ಲಿ ಕಳಿಸಿ. ಸ್ಪ್ರಿಂಕ್ಲರಿನ 20 ಅಡಿ ಪೈಪಿಗಂತೂ ಈ ಗಾಡಿಯ ಯೋಚನೆಯೇ ಬೇಡ.

ಘಾಟಿಯಲ್ಲಿ ಗಾಡಿ ಚೆನ್ನಾಗಿದೆ. ಆಗುಂಬೆಯ 14 ತಿರುವುಗಳಲ್ಲಿ ಜೀಪಿನಂತೆ ಓಲಾಡುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಸಬೇಕು. ಬ್ರೇಕನ್ನೇ ತುಳಿದುಕೊಂಡು ಬಂದರೆ ಬಿಸಿಯಾಗಿ ಕೆಳಗಿನ ತಿರುವುಗಳಲ್ಲಿ ಹಿಡಿತ ಸಾಲದು. ನನಗೆ ಘಾಟಿಯಲ್ಲಿ ಲೀಟರಿಗೆ 13, ಬಯಲಿನಲ್ಲಿ 17 ಕಿಲೋಮೀಟರ್ ಸಿಗುತ್ತದೆ. ಆದರೆ ಜೂನ್ ತಿಂಗಳಿಂದ ಮನೆಯ ಕೆಳಗಿನ ಮಣ್ಣಿನ ದಾರಿಯಲ್ಲಿ ಚಕ್ರ ಸುತ್ತಿ ನಿಂತುಬಿಡುತ್ತದೆ. ಮಳೆಗಾಲ ಮುಗಿಯುವವರೆಗೆ ಟಾರು ರಸ್ತೆಯ ಬದಿಯ ಪಕ್ಕದ ಮನೆಯವರ ಕೊಟ್ಟಿಗೆಯಲ್ಲೇ ಅದರ ವಾಸ. ಜೀಪು ಇದ್ದವರು ನಗುತ್ತಾರೆ, ನಗಲಿ.

ನನ್ನ ಇನ್ನೊಂದು ತಪ್ಪು ಮೈಲುತುತ್ತಿನದು. ಕೊಳೆರೋಗದ ಔಷಧಿಗೆಂದು ತಂದ ಚೀಲವೊಂದು ಹರಿದು ಪುಡಿ ಚೆಲ್ಲಿತ್ತು. ಗುಡಿಸಿ ಸುಮ್ಮನಾದೆ. ಮರುವರ್ಷ ಮ್ಯಾಟು ಎತ್ತಿದರೆ ತಳದ ತಗಡು ಜರಡಿ. ಮೈಲುತುತ್ತು ತೇವದೊಡನೆ ಸೇರಿದರೆ ಕಬ್ಬಿಣವನ್ನು ತಿನ್ನುತ್ತದೆ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ಆಳುಗಳಿಗೆ ಪಾಠ ಹೇಳುವ ನನಗೆ ಇದು ಹೊಳೆಯಲಿಲ್ಲ. ತಗಡು ಬೆಸೆಯಲು ಎಂಟು ಸಾವಿರ ಹೋಯಿತು. ಈಗ ಅಗಲವಾದ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಹಿಂದೆ ಖಾಯಂ ಇಟ್ಟಿದ್ದೇನೆ.

ಕೊಳ್ಳುವವರಿಗೆ ತೀರ್ಥಹಳ್ಳಿಯ ಅಮ್ಮನವರು ಕೊಟ್ಟ ಸಲಹೆ ನನ್ನದಕ್ಕಿಂತ ಉಪಯುಕ್ತ. ಎಂಜಿನ್, ಗೇರು ಬಾಕ್ಸಿನ ಭಾಗಗಳು ಅದೇ ಕಂಪನಿಯ ಮಾಮೂಲಿ ಕಾರಿನವೇ ಆಗಿದ್ದರೆ ಹೇಗೋ ಸಿಗುತ್ತವೆ. ಹಿಂದಿನ ಗಾಜು, ಹಿಂದಿನ ದೀಪ, ಬಾಗಿಲಿನ ಬೀಗ ಈ ಮಾದರಿಗೆ ಮಾತ್ರ ಸೇರಿದವು, ಒಡೆದರೆ ಗುಜರಿ ಅಂಗಡಿಗಳನ್ನೇ ಸುತ್ತಬೇಕು. ಅವರು ಕೊಳ್ಳುವಾಗ ಎಂಜಿನ್ ನೋಡುವ ಮೊದಲು ಹಿಂಭಾಗ ನೋಡಿದರಂತೆ. ನಾನು ತಿರುಗುಮುರುಗಾಗಿ ನೋಡಿ, ಒಂದು ಹಿಂದೀಪಕ್ಕೆ ನಾಲ್ಕು ತಿಂಗಳು ಅಲೆದೆ. ಕಾಗದಪತ್ರದಲ್ಲಿ ಮುಖ್ಯವಾದದ್ದು ಆರ್.ಸಿ.ಯ ಅವಧಿ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಗಾಡಿಗಳೆಲ್ಲ ಆ ವಯಸ್ಸು ದಾಟಿದವೇ. ನವೀಕರಿಸದ ಗಾಡಿಯನ್ನು ಅಗ್ಗವೆಂದು ಕೊಂಡರೆ ಖರ್ಚು ನಿಮ್ಮ ತಲೆಗೆ. ಬಿಳಿ ಬೋರ್ಡಿನ ಗಾಡಿಯಲ್ಲಿ ನೆರೆಯವರ ಮಾಲನ್ನು ಬಾಡಿಗೆಗೆ ಸಾಗಿಸುವುದೂ ಕಾನೂನಿಗೆ ವಿರುದ್ಧ.

ಭಾವನವರು ತಮ್ಮದನ್ನು ಮಾರಿ ಜೀಪು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರದು ಹನ್ನೆರಡು ಎಕರೆ, ಗುಡ್ಡದ ಮೇಲೆ. ತೀರ್ಥಹಳ್ಳಿಯವರು ಬಿಡುವುದಿಲ್ಲ ಎಂದರು. ನಾನು ಕಳೆದ ವರ್ಷ ನವೀಕರಿಸಿಕೊಂಡೆ. ಅಮ್ಮನ ಮಣಿಪಾಲದ ಪ್ರಯಾಣ ಈಗಲೂ ಅದರಲ್ಲೇ, ಆದರೆ ಅಂದು ಹಿಂದೆ ಗೊಬ್ಬರವಾಗಲೀ ಪೈಪಾಗಲೀ ಇರುವುದಿಲ್ಲ. ಗಾಡಿ ನೋಡಬೇಕೆನ್ನುವವರು ಸಂತೆಯ ದಿನ ಗೋದಾಮಿನ ಬಳಿ ಬನ್ನಿ. ಹಿಂದಿನ ಬಾಗಿಲನ್ನು ಎತ್ತಿ ಹಿಡಿಯುವ ಸರಳು ಸ್ವಲ್ಪ ಸೋತಿದೆ, ಅದರ ಕೆಳಗೆ ನಿಲ್ಲುವಾಗ ತಲೆ ಜೋಪಾನ.