ಎರಡನೇ ಪರದೆ ಯಾಕೆ ಕಪ್ಪಾಯ್ತು?

ಮಕ್ಕಳೇ, ಕಳೆದ ರಾಜ್ಯೋತ್ಸವದ ದಿನ ನೀವು ಬಿಡಿಸಿದ ಚಿತ್ರಗಳು ದೊಡ್ಡ ಪರದೆ ಮೇಲೆ ಬರಲೇ ಇಲ್ಲ, ನೆನಪಿದೆಯಾ? ತಪ್ಪು ನನ್ನದೇ. ಹಿಂದಿನ ರಾತ್ರಿ ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಿದ್ದೆ, ಪರದೆಗೆ ಹಾಕಿ ನೋಡಿರಲಿಲ್ಲ.

ಊರಿಂದ ಬಂದ ಅಜ್ಜಿಗೂ ಪಕ್ಕದ ಮನೆಯವರಿಗೂ ನಡುವೆ ನಿಂತು ನೀವು ಮಾತು ದಾಟಿಸ್ತೀರಲ್ಲ? ಡ್ರೈವರ್ ಮಾಡೋದೂ ಅದೇ ಕೆಲಸ. ಲಿನಕ್ಸ್ ಹೇಳಿದ್ದನ್ನು ಗ್ರಾಫಿಕ್ಸ್ ಚಿಪ್‌ಗೆ ತಿಳಿಸುತ್ತೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಒಂದು ಲ್ಯಾಪ್‌ಟಾಪ್‌ನ ಪರದೆಗೆ, ಇನ್ನೊಂದು ಎಚ್‌ಡಿಎಂಐ ಪೋರ್ಟ್‌ಗೆ. ಎರಡನೆಯದರ ಡ್ರೈವರ್ ಕೈಕೊಟ್ಟರೆ ಲ್ಯಾಪ್‌ಟಾಪ್ ಚೆನ್ನಾಗೇ ಕಾಣುತ್ತೆ, ಹೊರಗಿನ ಪರದೆ ಮಾತ್ರ ಕಪ್ಪು!

ಹೀಗಾದರೆ ಗಾಬರಿ ಬೇಡ, ಒಂದೊಂದಾಗಿ ನೋಡಿ:

1. ಕೇಬಲ್ ಬಿಗಿಯಾಗಿದೆಯಾ? ಮಾನಿಟರ್‌ನಲ್ಲಿ ಸರಿಯಾದ ಇನ್‌ಪುಟ್ ಆರಿಸಿದ್ದೀರಾ?

2. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಪರದೆ ಕಾಣುತ್ತಾ? ಕಂಡರೆ ಆನ್ ಮಾಡಿ, ರೆಸಲ್ಯೂಷನ್ ಇಳಿಸಿ ನೋಡಿ.

3. ಕಾಣದಿದ್ದರೆ ರೀಸ್ಟಾರ್ಟ್ ಮಾಡಿ, ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಹಳೆಯದರಲ್ಲಿ ಚಿತ್ರ ಬಂದರೆ, ಹೊಸದಕ್ಕೆ ಡ್ರೈವರ್ ಹೊಂದಿಕೊಂಡಿಲ್ಲ ಅಂತ ಅರ್ಥ. ಡ್ರೈವರನ್ನು ಮತ್ತೆ ಇನ್‌ಸ್ಟಾಲ್ ಮಾಡಿ.

4. ಆಗಲೂ ಬರಲಿಲ್ಲವಾ? ಸೆಕ್ಯೂರ್ ಬೂಟ್ ಆನ್ ಇದ್ದರೆ, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಲಿನಕ್ಸ್ ಒಳಗೆ ಬಿಡದೇ ಇರಬಹುದು. ಈ ಸೆಟ್ಟಿಂಗ್ ಮುಟ್ಟುವ ಮೊದಲು ಅಪ್ಪ ಅಮ್ಮನನ್ನು ಕರೆಯಿರಿ.

ಅವತ್ತು ಮನೆಗೆ ಬಂದು ಹಳೆಯ ಕರ್ನಲ್ ಆರಿಸಿದೆ. ಎರಡೇ ನಿಮಿಷದಲ್ಲಿ ನಿಮ್ಮ ಚಿತ್ರಗಳು ಬಂದವು, ಆದರೆ ನೋಡೋಕೆ ನಾನೊಬ್ಬನೇ! ಕಾರ್ಯಕ್ರಮದ ಹಿಂದಿನ ದಿನ ಅಪ್‌ಡೇಟ್ ಮಾಡಬಾರದು ಅನ್ನೋ ಪಾಠ ಕಲಿತೆ. ಈ ಸಲ ಒಂದು ದಿನ ಮೊದಲೇ ಪರದೆಗೆ ಹಾಕಿ ನೋಡ್ತೀನಿ. ನೀವು ಚಿತ್ರ ಬಿಡಿಸಿಡಿ.